ಚೆಕ್ ಮಾಡಿದವನ ಪಾಡು

ನಿನ್ನೆ ಕಳಿಸಿದ ಮಾಲಿನಲ್ಲಿ ಒಂದು ಶರ್ಟಿಗೆ ಎರಡೂ ಕಡೆ ಎಡಗೈ ತೋಳೇ ಇತ್ತಂತೆ. "ಇನ್ನೊಂದು ತಪ್ಪು ಹೊರಗೆ ಹೋದ್ರೆ ಅದರ ಹಿಂದೇನೇ ನೀನೂ ಹೊರಗೆ!" ಎಂದು ಮಾಲೀಕರು ಗುಡುಗಿದ್ದೇ ತಡ, ಶರ್ಟ್ ಕಾರ್ಖಾನೆಯ ಚೆಕಿಂಗ್ ಮೇಜಿನ ದುರ್ಬೀನು ಕಾದ ಕಾವಲಿಗೆ ಬಿದ್ದ ನೀರಹನಿಯ ಹಾಗೆ ಚಡಪಡಿಸತೊಡಗಿದ. ಬಟ್ಟೆಯನ್ನು ಮೂಗಿಗೇ ಅಂಟಿಸಿಕೊಂಡು ನೋಡುವ ಚಟಕ್ಕೆ ಅವನಿಗೆ ಸಿಕ್ಕ ಹೆಸರು ಅದು.

ಇವತ್ತಿನದು ಬರೀ ಚೆಕ್ಸ್ ಶರ್ಟು. ನೋಡಿ ನೋಡಿ ಗೋಡೆಯೂ ಚೌಕ ಚೌಕವಾಗಿ ಕಾಣತೊಡಗಿತು.

"ಚೆಕ್ಸ್ ಬಟ್ಟೇನ ಚೆಕ್ ಮಾಡ್ಬೇಕಂತೆ! ಈ ದರಿದ್ರ ಮಾತು ಎಲ್ಲಿಂದ ಬಂತಪ್ಪಾ?" ಎಂದು ಗೊಣಗಿದ.

ಚದುರಂಗದ ಹುಚ್ಚಿನ ಸ್ಟೋರ್‌ಕೀಪರ್‌ಗೆ ಅಷ್ಟು ಸಾಕಾಯಿತು. ಕುರ್ಚಿ ಎಳೆದುಕೊಂಡು ಬಂದೇಬಿಟ್ಟ.

"ಪರ್ಷಿಯಾದಿಂದ ಕಣಯ್ಯಾ! ಶಾಹ್ ಅಂದ್ರೆ ರಾಜ. ಆಟದಲ್ಲಿ ರಾಜನಿಗೆ ಕುತ್ತು ಬಂದ್ರೆ ಅದನ್ನೇ ಕೂಗ್ತಿದ್ರು. ಫ್ರೆಂಚರ ಬಾಯಲ್ಲಿ ಹೊರಳಾಡಿ ಇಂಗ್ಲಿಷಿಗೆ ಬರೋ ಹೊತ್ತಿಗೆ ಚೆಕ್ ಆಯ್ತು. ಅರ್ಥ ಮೊದಲು 'ರಾಜ, ಹುಷಾರ್' ಅಂತ, ಆಮೇಲೆ 'ನಿಲ್ಲು' ಅಂತ, ಕೊನೆಗೆ 'ನಿಂತು ಸರಿಯಾಗಿ ನೋಡು' ಅಂತ. ಆಟದ ಹಾಸಿನ ಚೌಕದಿಂದ ನಿನ್ನ ಚೆಕ್ಸೂ ಬಂತು."

"ರಾಜನ ತಲೆ ಕಟ್ಕೊಂಡು ನನಗೇನಣ್ಣಾ?"

"ಇವತ್ತು ಹೋಗೋದು ನಿನ್ನ ತಲೇನೇ ಕಣೋ," ಎಂದು ನಕ್ಕಳು ಗುಂಡಿ ಹೊಲಿಯುವ ಅಕ್ಕ. ನಕ್ಕವಳಿಗೇ ಅಯ್ಯೋ ಅನಿಸಿತು. "ಕೊಡಿಲ್ಲಿ, ನಾನೂ ಒಂದಿಷ್ಟು ನೋಡ್ತೀನಿ."

ಇಸ್ತ್ರಿಯವನೂ ಕೈ ಹಾಕಿದ. ಸ್ಟೋರ್‌ಕೀಪರ್ ಬಾಯಿ ಮುಚ್ಚದೆಯೇ ಕೈ ಹಾಕಿದ. ತಪ್ಪು ಕಂಡ ಶರ್ಟುಗಳನ್ನು ಎಂದಿನ ಹಾಗೆ ಕೆಂಪು ಬುಟ್ಟಿಗೆ ಹಾಕದೆ, ಅಕ್ಕ ಅಲ್ಲಲ್ಲೇ ಬಿಚ್ಚಿ ಹೊಲಿದುಬಿಟ್ಟಳು. ಈ ಗಡಿಬಿಡಿಯಲ್ಲಿ ಸೆಕೆಗೆಂದು ದುರ್ಬೀನು ಕಳಚಿಟ್ಟಿದ್ದ ತನ್ನ ಸ್ವಂತ ಚೆಕ್ಸ್ ಶರ್ಟಿಗೂ ಇಸ್ತ್ರಿ ಬಿದ್ದು, ಅದೂ ಪ್ಯಾಕಾಗಿ ಹೋಯಿತು. ಬನಿಯನ್ನಿನಲ್ಲೇ ಒಂದೊಂದು ಪೆಟ್ಟಿಗೆಯನ್ನೂ ಬಿಚ್ಚಿ ಮೂಸುತ್ತಾ ಹೋದ. ಬೆವರಿನ ವಾಸನೆ ಕೊನೆಗೂ ಕಾಪಾಡಿತು.

ಶರ್ಟು ಮೈಗೇರುವಷ್ಟರಲ್ಲಿ ಮಾಲೀಕರು ಬಂದರು. ನೇರ ಕೆಂಪು ಬುಟ್ಟಿಗೆ ಇಣುಕಿದರು.

"ಖಾಲಿ! ಅಂದ್ರೆ ದಿನವಿಡೀ ನಿದ್ದೆ ಹೊಡೆದಿದ್ದೀಯ."

"ಇಲ್ಲ ಸಾರ್! ಬೇಕಾದ್ರೆ ನೀವೇ ಬಿಚ್ಚಿ ನೋಡಿ ಸಾರ್."

ಮಾಲೀಕರು ನೋಡಿದರು. ತೋಳು ಅಳೆದರು, ಗುಂಡಿ ಎಳೆದರು, ಕಾಲರ್ ಜಗ್ಗಿದರು. ಎಳ್ಳಷ್ಟೂ ತಪ್ಪಿಲ್ಲ! ದುರ್ಬೀನು ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ. ಅಕ್ಕ ಹಿಂದಿನಿಂದ ಕಣ್ಣು ಮಿಟುಕಿಸಿದಳು.

ಮಾಲೀಕರ ಮುಖ ಅರಳಿತು. ಅವನ ಬೆನ್ನು ತಟ್ಟಿಯೇ ತಟ್ಟಿದರು.

"ಭೇಷ್! ನಮ್ಮ ಹೊಲಿಯೋರು ಈಗ ತಪ್ಪೇ ಮಾಡಲ್ಲ ಅಂತ ಕಣ್ಣಾರೆ ನೋಡಿದಂಗಾಯ್ತು. ಅಂದ್ಮೇಲೆ ನಾಳೆಯಿಂದ ನಿನಗೆ ಇಲ್ಲಿ ಏನಪ್ಪಾ ಕೆಲಸ?"