ಬಚ್ಚಲೊಲೆಯ ಹೊಗೆ

ದೇಶದಲ್ಲಿ ಯಾರ್ಯಾರು ತಂಬಾಕು ಬಳಸುತ್ತಾರೆ, ಯಾರು ಬಿಟ್ಟಿದ್ದಾರೆ ಅಂತ ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆ ಕೆಲಸ ನನ್ನದು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು, ಒಳಜೇಬಲ್ಲಿ ಸಿಗರೇಟು. ಇಂಥವನಿಗೆ ಹೋದ ಊರಲ್ಲೆಲ್ಲ ಮರ್ಯಾದೆ ಹೋಗುವುದು ಇದ್ದದ್ದೇ. ಅದು ಎಲ್ಲಿ ಹೋದರೂ ಸರಿ, ಮಳವಳ್ಳಿಯಲ್ಲಿ ನನ್ನ ಅಮ್ಮನ ಮುಂದೆ ಮಾತ್ರ ಹೋಗಬಾರದು ಅಂತ ಜೋಪಾನವಾಗಿದ್ದೆ.

ಯಲಿಯೂರಿನ ಅಜ್ಜಿ

ಅಜ್ಜಿಯ ಬಾಯಿ ತುಂಬಾ ಎಲೆಯಡಿಕೆ. "ತಂಬಾಕು ಬಳಸ್ತೀರಾ?" ಅಂದೆ. ಉಗಿದು ಬಂದು, "ಆ ಚಟ ನಮ್ ವಂಸದಲ್ಲೇ ಇಲ್ಲ ಕಣಪ್ಪ" ಅಂದಳು.

"ಬಾಯಲ್ಲಿರೋದು?"

"ಎಲೆ ಅಡ್ಕೆ, ಒಸಿ ಒಗೆಸೊಪ್ಪು."

"ಅದೇ ತಂಬಾಕು ಅಜ್ಜಿ!"

"ಇದು ಉಂಡ್ಮೇಲೆ ಆಕ್ಕೊಳ್ಳದು. ಚಟ ಅಂದ್ರೆ ಯಾವ್ದು ಗೊತ್ತಾ?" ಅಂತ ಹತ್ತಿರ ಬಂದು ಮೂಸಿದಳು. "ನಿನ್ ಬಾಯಿಂದ ಗಬ್ ಅಂತ ನಾರ್ತದಲ್ಲ, ಅದು."

ಮದ್ದೂರಿನ ಬೇಲಿ ಪಕ್ಕ

ಇಲ್ಲಿ ಅಪ್ಪ, ಮಗ ಒಟ್ಟಿಗೇ ಕೂತು, ಇಬ್ಬರೂ ಸೇದಲ್ಲ ಅಂದರು. ಹೊರಗೆ ಬಂದರೆ ಬೇಲಿಯವರೆಗೂ ಅಪ್ಪ ಹಿಂದೆಯೇ ಬಂದ. "ಬೆಳೆದ್ ಮಗನ ಮುಂದೆ ಎಂಗೇಳದು ಸಾ? ಸೇದ್ತೀನಿ ಅಂತ ಬರ್ಕೊಳ್ಳಿ" ಅಂತ ಬೀಡಿ ಹಚ್ಚಿದ. ಅಷ್ಟರಲ್ಲಿ ಮಗನೂ ಅದನ್ನೇ ಹೇಳಲಿಕ್ಕೋ ಏನೋ ಓಡಿ ಬಂದ. ಅಪ್ಪ ಗಾಬರಿಯಾಗಿ ಉರಿಯುವ ಬೀಡಿಯನ್ನು ನನ್ನ ಕೈಗೆ ತುರುಕಿದ.

ಮಗ ಬೀಡಿ ನೋಡಿದ, ನನ್ನ ಗುರುತಿನ ಚೀಟಿ ನೋಡಿದ. "ಏನ್ ಸಾ, ನೀವೇ ಇಂಗ್ ಮಾಡುದ್ರೆ?"

"ಏಳ್ಲಾ ಮಗ, ಚೆನ್ನಾಗ್ ಏಳು" ಅಂದ ಅಪ್ಪ. "ನಾನೂ ಆಗಿಂದ ಅದ್ನೇ ಏಳ್ತಾ ಇವ್ನಿ, ಕೇಳ್ತಾನೇ ಇಲ್ಲ."

ನಾಚಿಕೆಯಿಂದ ತಲೆ ತಗ್ಗಿಸಿ ಹೊರಟೆ. ಬೀಡಿಯನ್ನು ತಿರುವಿನಲ್ಲಿ ಮುಗಿಸಿದೆ ಅನ್ನೋದು ಇನ್ನೂ ದೊಡ್ಡ ನಾಚಿಕೆ.

ನಮ್ಮನೆ ಸರದಿ

ಮಳವಳ್ಳಿಯಲ್ಲಿ ಆಯ್ಕೆಯಾದ ಮನೆಗಳಲ್ಲಿ ನಮ್ಮದೂ ಬಂತು. ಸ್ವಂತ ಮನೆಯವರನ್ನು ನಾನೇ ಕೇಳುವಂತಿಲ್ಲ, ಜೊತೆಯ ಮೇಡಂ ನಡುಮನೆಯಲ್ಲಿ ಕೂತು ಅಮ್ಮನನ್ನು ಕೇಳತೊಡಗಿದರು. ನನಗೇನೂ ಭಯವಿರಲಿಲ್ಲ. ಅಮ್ಮನಿಗೆ ಬಿಸಿನೀರು ಕಾಯಿಸುವ ನೆಪದಲ್ಲಿ ಬಚ್ಚಲೊಲೆ ಹಚ್ಚಿ, ಸೌದೆ ಹೊಗೆಯಲ್ಲಿ ನನ್ನ ಹೊಗೆಯನ್ನೂ ಸೇರಿಸಿಬಿಡುವುದು ನನ್ನ ಪದ್ಧತಿ. ಇದ್ದರೆ ಇಂಥ ಮಗ ಇರಬೇಕು ಅಂತ ಬೀದಿಯಲ್ಲೆಲ್ಲ ಹೆಸರು. ಅವತ್ತೂ ಬಚ್ಚಲಿಗೆ ಹೋಗಿ ಒಲೆ ಹಚ್ಚಿದೆ, ಸಿಗರೇಟೂ ಹಚ್ಚಿದೆ. ನಡುವಿನ ಗೋಡೆ ಸೂರಿನವರೆಗೆ ಇಲ್ಲ, ಮಾತೆಲ್ಲ ಕೇಳುತ್ತಿತ್ತು.

"ಮನೆಯೊಳಗೆ ಯಾರಾದ್ರೂ ಸೇದ್ತಾರಾ ಅಮ್ಮ? ಎಷ್ಟು ಸಲ?"

"ನಾನ್ ಎಷ್ಟ್ ಸಲ ನೀರುಯ್ಕೋತೀನೋ ಅಷ್ಟ್ ಸಲ ಕಣವ್ವ."

"ಸ್ನಾನಕ್ಕೂ ಸೇದೋದಕ್ಕೂ ಏನಮ್ಮ ಸಂಬಂಧ?"

"ನೀರ್ ಕಾಯ್ಸೋ ನೆಪ ಮಾಡ್ಕೊಂಡು ನನ್ ಮಗ ಸೇದ್ತಾನೆ. ಕಾದ್ಮೇಲೆ ನಾನು ಉಯ್ಕೊಳ್ದಿದ್ರೆ, ಅಮ್ಮಂಗೆ ಗೊತ್ತಾಗೋಯ್ತು ಅಂತ ನಾಚ್ಕೊಂಡುಬುಡ್ತಾನೆ. ಬ್ಯಾಸ್ಗೇಲೂ ಬಿಸ್ನೀರ್ ಉಯ್ಕೊಂಡು ಮೈಯೆಲ್ಲ ಬೊಬ್ಬೆ. ಅವ್ನು ಬುಟ್ರೆ ನಂಗೂ ಒಸಿ ತಣ್ಣೀರು ಸಿಕ್ತದೆ. ಅವ್ನಿಗ್ ಏಳ್ಬುಟ್ಟೀಯ ಮತ್ತೆ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅರ್ಧ ಸಿಗರೇಟನ್ನು ಒಲೆಗೆ ಎಸೆದೆ. ಒಲೆಯನ್ನೂ ಆರಿಸೋಣ ಅಂತ ಚೊಂಬಿನಲ್ಲಿ ನೀರು ತುಂಬಿಕೊಂಡು ತಿರುಗಿದರೆ, ಅಮ್ಮ ಟವಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಯಾಕ್ಲಾ ಆರುಸ್ತೀಯ?" ಅಂದಳು. "ಇಷ್ಟ್ ಬೇಗ ಮುಗೀತಾ?"