ಭೂಮಿಗೆ ಮರಳಿಸಲಾದ ಚಮಚವನ್ನು ಮತ್ತೆ ಹುಡುಕುವ ಕುರಿತು

ಪಟ್ಟಣ ಪರಂಪರಾ ಇಲಾಖೆ
ನಾರ್ತ್ ಎಂಬ್ರಿ, ನ್ಯೂ ಹ್ಯಾಂಪ್‌ಶೈರ್

ಸಂಖ್ಯೆ: ಪಪಇ/ನೆಲ/ಚಮಚ/17 (ತಿದ್ದುಪಡಿಯ ತಿದ್ದುಪಡಿ)
ದಿನಾಂಕ: ಜೂನ್ 11

ಸುತ್ತೋಲೆ

ವಿಷಯ: ಇಲಾಖೆಯ ಆದೇಶದಂತೆಯೇ ಹೂಳಲಾದ ಪುರಾತನ ವಸ್ತುಗಳನ್ನು ಇಲಾಖೆಯೇ ಹುಡುಕಬೇಕಾಗಿ ಬಂದಿರುವ ಬಗ್ಗೆ.

ಉಲ್ಲೇಖ:
1. ಸುತ್ತೋಲೆ ಸಂಖ್ಯೆ 16, ದಿನಾಂಕ ಮೇ 2: "ಅನುಮತಿಯಿಲ್ಲದೆ ಸಿಕ್ಕಿದ್ದನ್ನು ಸಿಕ್ಕಿಲ್ಲವೆಂದು ಭಾವಿಸುವ ಬಗ್ಗೆ".
2. ಶ್ರೀ ವಾರೆನ್ ಪೆಲ್ಕಿ, ಕೊಳಾಯಿ ಕೆಲಸದವರು, ಇವರ ಮೇ 20ರ ಪತ್ರ (ಲಗತ್ತು: ಕೋಟು ಒಂದು).
3. ಕ್ಷೇತ್ರ ಪರಿವೀಕ್ಷಕ ಶ್ರೀ ಎಲ್ಡನ್ ಫಿಚ್ ಅವರ ಜೂನ್ 6ರ ವರದಿ (ಸಗಣಿಯ ಕಲೆ ಸಹಿತ).

ಪ್ರಸ್ತಾವನೆ:

ಪಟ್ಟಣದ ಮೂಲಪುರುಷ, ಚರ್ಚಿನ ಹಿರಿಯ ಡೀಕನ್ ಒಬಡಾಯ ಎಂಬ್ರಿಯವರ ಮನೆ ಪುರಭವನದ ಪಕ್ಕದ ಗುಡ್ಡದ ಮೇಲೆ ಇತ್ತೆಂಬುದು ಸರ್ವವಿದಿತ. ಅಲ್ಲಿ ಹಾಗೆಂದು ಕೆತ್ತಿದ ಕಲ್ಲೊಂದನ್ನು 1923ರಲ್ಲಿ ನಿಲ್ಲಿಸಲಾಗಿದೆ. ಕಲ್ಲನ್ನು ಅಲ್ಲಿಯೇ ನಿಲ್ಲಿಸಲು ಕಾರಣ, ಅನಾವರಣಕ್ಕೆ ಕರೆಸಿದ್ದ ವಾದ್ಯದವರ ಬಂಡಿ ಹೋಗಬಲ್ಲ ರಸ್ತೆ ಆಗ ಅಲ್ಲಿಗೆ ಮಾತ್ರ ಇದ್ದುದು ಎಂದು ಕಡತದಲ್ಲಿದೆ. ಕಡತದ ಆ ಪುಟವನ್ನು ಯಾರೂ ಓದತಕ್ಕದ್ದಲ್ಲ.

ಹೀಗಿರುತ್ತಾ, ಕಳೆದ ಏಪ್ರಿಲಿನಲ್ಲಿ ಮೂವರು ಸ್ನೇಹಿತರು, ಅಂದರೆ ಸದರಿ ಶ್ರೀ ಪೆಲ್ಕಿ, ಶಾಲಾ ಬಸ್ಸಿನ ಚಾಲಕ ಶ್ರೀ ಅರ್ಮಾಂಡ್ ಥಿಬೊಡೊ ಮತ್ತು ಚರ್ಚಿನ ಭಾನುವಾರದ ಪಾಠಶಾಲೆಯ ನಿವೃತ್ತ ಶಿಕ್ಷಕಿ ಕುಮಾರಿ ಡೋರ್ಕಸ್ ಹೇಲ್, ಲೋಹಶೋಧಕ ಯಂತ್ರಗಳೊಡನೆ ಹಳ್ಳದ ಪಕ್ಕದ ಹುಲ್ಲುಗಾವಲಿಗೆ ಹೋಗಿ, ಗಿಡಗಂಟಿ ಮುಚ್ಚಿದ್ದ ಒಂದು ಕಲ್ಲುಕಟ್ಟಿನ ನೆಲಮಾಳಿಗೆಯ ಸುತ್ತ ಈ ಕೆಳಕಂಡವುಗಳನ್ನು ಹೊರತೆಗೆದಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ: ಹಿಡಿಯ ಮೇಲೆ ಡೀಕನ್ ಎಂಬ್ರಿಯವರ ಪೂರ್ಣ ಹೆಸರು ಕೊರೆದ ಚಮಚ ಒಂದು, ಪಾದರಕ್ಷೆಯ ಹಿತ್ತಾಳೆ ಕೊಂಡಿ ಒಂದು, ಜಾರ್ಜ್ ದೊರೆಯ ತಲೆಯುಳ್ಳ ತಾಮ್ರದ ಕಾಸು ಒಂದು, ಯಾರೋ ಹಲ್ಲಿನಿಂದ ಕಚ್ಚಿದ ಗುರುತುಳ್ಳ ಸೀಸದ ಗುಂಡು ಒಂದು. ಇವುಗಳನ್ನು ಮೊಟ್ಟೆ ಇಡುವ ರಟ್ಟಿನ ತಟ್ಟೆಯಲ್ಲಿ ಜೋಡಿಸಿ ಇಲಾಖೆಗೆ ತಂದೊಪ್ಪಿಸಲಾಯಿತು.

ಸದರಿ ಹುಲ್ಲುಗಾವಲು ಶ್ರೀಮತಿ ಲೊರೇನ್ ಟಾರ್‌ಬಾಕ್ಸ್ ಅವರದು. ಜುಲೈ 19ರಂದು ನಡೆಯಲಿರುವ ಪಟ್ಟಣದ ಮುನ್ನೂರನೆಯ ವರ್ಷದ ಉತ್ಸವಕ್ಕಾಗಿ ಅದನ್ನು ವಶಪಡಿಸಿಕೊಂಡು, ಡಾಂಬರು ಹಾಕಿ, ಕಾರು ನಿಲ್ದಾಣ ಮಾಡಲು ಆಡಳಿತ ಮಂಡಳಿ ನಿರ್ಧರಿಸಿತ್ತು. ತಮಗೆ ಬೇರೆ ಹುಲ್ಲುಗಾವಲಿಲ್ಲವೆಂದೂ ಇದು ಹೋದರೆ ಎರಡು ಹಸುಗಳನ್ನೂ ಮಾರಬೇಕಾಗುತ್ತದೆಂದೂ ಆಕೆ ಮೂರು ಅರ್ಜಿ ಸಲ್ಲಿಸಿದ್ದರು. ಮೂರನ್ನೂ ಸ್ವೀಕರಿಸಿ, ದಾರ ಹಾಕಿ ಕಟ್ಟಿಡಲಾಗಿದೆ. ಆದರೆ ಪಟ್ಟಣದ ನೆಲ ನಿಯಮ 9ರಂತೆ, ಹಳೆಯ ಮನೆವಸ್ತುಗಳಿವೆಯೆಂದು ಇಲಾಖೆಯ ದಾಖಲೆಯಲ್ಲಿರುವ ನೆಲಕ್ಕೆ, ಅವೆಲ್ಲವನ್ನೂ ಎತ್ತಿ ಪಟ್ಟಿ ಮಾಡುವವರೆಗೆ ಡಾಂಬರು ಹಾಕುವಂತಿಲ್ಲ. ಇದು ಆ ಮೂವರಿಗೆ ಗೊತ್ತಿದ್ದೇ ಹೋಗಿದ್ದರೆಂದು ಶಂಕಿಸಲು ಕಾರಣಗಳಿವೆ. ಶ್ರೀ ಥಿಬೊಡೊ ತಮ್ಮ ಹೇಳಿಕೆಯಲ್ಲಿ "ಶಂಕೆ ಯಾಕ್ರೀ, ಗೊತ್ತಿದ್ದೇ ಹೋಗಿದ್ವಿ" ಎಂದಿರುವುದು ಅಂಥ ಕಾರಣಗಳಲ್ಲಿ ಒಂದು.

ಆದಕಾರಣ, ಮೂಲಪುರುಷರ ಮನೆಯು ಗುಡ್ಡದಿಂದ ಹಳ್ಳಕ್ಕೆ ಜಾರದಂತೆ ತಡೆಯಲು ಉಲ್ಲೇಖ 1ರ ಸುತ್ತೋಲೆಯನ್ನು ಹೊರಡಿಸಿ, ವಸ್ತುಗಳನ್ನು ಬಂದ ನೆಲಕ್ಕೇ ಏಳು ದಿನಗಳೊಳಗೆ ಮರಳಿಸಿ, ಯಂತ್ರಗಳನ್ನು ಇಲಾಖೆಗೆ ಒಪ್ಪಿಸುವಂತೆ ಆದೇಶಿಸಲಾಯಿತು. ಮೂವರೂ ನಾಲ್ಕನೆಯ ದಿನವೇ ಆದೇಶ ಪಾಲಿಸಿದರು. ಇಲಾಖೆಯ ಇತಿಹಾಸದಲ್ಲಿ ಆದೇಶವೊಂದು ಅವಧಿಗೆ ಮುನ್ನ ಪಾಲನೆಯಾದದ್ದು ಇದೇ ಮೊದಲಾದ್ದರಿಂದ ಮುಂದಿನ ಕ್ರಮ ಯಾರಿಗೂ ತಿಳಿದಿರಲಿಲ್ಲ. ಹೂಳುವಾಗ ಹಾಜರಿದ್ದ ಶ್ರೀ ಫಿಚ್ ಅವರು, ಮಳೆಯ ಕಾರಣ ಕಾರಿನೊಳಗೇ ಕುಳಿತು, "ನಾಲ್ಕೂ ವಸ್ತುಗಳು ಟಾರ್‌ಬಾಕ್ಸ್ ಹುಲ್ಲುಗಾವಲಿನ ನೆಲದೊಳಗೆ ಇವೆ" ಎಂದು ಮೊಹರು ಹಾಕಿ ಸಹಿ ಮಾಡಿಕೊಟ್ಟಿದ್ದಾರೆ.

ಇದಾಗಿ ಹದಿನಾಲ್ಕು ದಿನಕ್ಕೆ ಉಲ್ಲೇಖ 2ರ ಪತ್ರ ಬಂದಿತು. ಗುಡ್ಡದ ಮೇಲೆ ಅಗೆದಾಗ ಸಿಕ್ಕ, ಪುರಭವನದ ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ವರ್ಷಗಳಿಂದ "ಡೀಕನ್ ಎಂಬ್ರಿಯವರ ಕೋಟಿನ ಗುಂಡಿ" ಎಂದು ಪ್ರದರ್ಶಿತವಾಗಿರುವ ಹಿತ್ತಾಳೆ ಗುಂಡಿಯು ತಮ್ಮದೆಂದೂ, ಹಿಂದೊಂದು ವರ್ಷ ಪಟ್ಟಣದ ಉತ್ಸವದಂದು ಹಳೆಯ ಕಾಲದ ಸಿಪಾಯಿಗಳ ವೇಷ ಹಾಕಿ ಗುಡ್ಡ ಹತ್ತುವಾಗ ತಮ್ಮ ಕೋಟಿನಿಂದ ಉದುರಿದ್ದೆಂದೂ ಶ್ರೀ ಪೆಲ್ಕಿ ತಿಳಿಸಿ, ಉಳಿದ ಏಳು ಗುಂಡಿಗಳಿರುವ ಕೋಟನ್ನು ಸಾಕ್ಷಿಯಾಗಿ ಲಗತ್ತಿಸಿದ್ದಾರೆ. ಹೋಲಿಸಿ ನೋಡಲಾಗಿ, ಗಾಜಿನ ಪೆಟ್ಟಿಗೆಯ ಗುಂಡಿಯಲ್ಲಿ ನೈಲಾನ್ ದಾರ ಕಂಡುಬಂದಿದೆ. ಉತ್ಸವಕ್ಕೆ ರಾಜ್ಯದ ಅತಿಥಿಗಳು ಬರುತ್ತಿದ್ದು ಅವರಿಗೆ ಏನನ್ನಾದರೂ ತೋರಿಸಲೇಬೇಕಾಗಿರುವುದರಿಂದ, ಇಲಾಖೆಗೆ ಚಮಚವು ಈಗ ತುರ್ತಾಗಿ ಬೇಕಾಗಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ, ಎಲ್ಲ ಸಿಬ್ಬಂದಿಗೂ ಸಾರ್ವಜನಿಕರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಮೇ 2ರಿಂದ "ಸಿಕ್ಕಿಲ್ಲ" ಎಂದು ಭಾವಿಸಲಾಗಿದ್ದ ಚಮಚವನ್ನು ಇಂದಿನಿಂದ "ಕಳೆದುಹೋಗಿದೆ" ಎಂದು ಭಾವಿಸತಕ್ಕದ್ದು. ಸಿಗದೇ ಇದ್ದದ್ದು ಕಳೆಯುವುದು ಹೇಗೆಂದು ಕೇಳುವ ಸಿಬ್ಬಂದಿಯ ವಾರ್ಷಿಕ ವರದಿಯಲ್ಲಿ ಅದನ್ನು ನಮೂದಿಸಲಾಗುವುದು.

2. ಯಾವುದೇ ಗುಂಡಿಯ ವಯಸ್ಸನ್ನು, ಇಲಾಖೆಯು ಅದನ್ನು ಯಾವ ಕಾಲದ್ದೆಂದು ನಂಬಿತ್ತೋ ಅಂದಿನಿಂದ ಎಣಿಸತಕ್ಕದ್ದು. ಶ್ರೀ ಪೆಲ್ಕಿ ಅವರು ಈ ವರ್ಷದ ಮೆರವಣಿಗೆಯಲ್ಲಿ ಏಳು ಗುಂಡಿಗಳೊಡನೆ ನಡೆಯತಕ್ಕದ್ದು. ಎಂಟನೆಯ ತೂತನ್ನು ಕೈಯಿಂದ ಮುಚ್ಚಿಕೊಂಡರೆ, ಎದೆಯ ಮೇಲೆ ಕೈಯಿಟ್ಟು ಗೌರವ ಸಲ್ಲಿಸಿದಂತೆಯೂ ಆಗುತ್ತದೆ.

3. ಜೂನ್ 4 ಮತ್ತು 5ರಂದು ಶ್ರೀ ಫಿಚ್ ಅವರ ನೇತೃತ್ವದಲ್ಲಿ ಆರು ಮಂದಿ ಹುಲ್ಲುಗಾವಲನ್ನು ಪರಿಶೀಲಿಸಿದರೂ ಹೂತ ಜಾಗದ ಗುರುತು ಒಂದೂ ಕಾಣಲಿಲ್ಲ. ಲೋಹ ಹುಡುಕುವ ಈ ಹವ್ಯಾಸದವರು ಹುಲ್ಲನ್ನು ಬಿಲ್ಲೆಯಾಗಿ ಕೊಯ್ದು ಮುಚ್ಚಳದಂತೆ ಎತ್ತಿ, ಮಣ್ಣನ್ನು ಬಟ್ಟೆಯ ಮೇಲೆ ಸುರಿದುಕೊಂಡು, ಕೆಲಸ ಮುಗಿದ ಮೇಲೆ ಒಂದು ಕಾಳೂ ಉಳಿಯದಂತೆ ಮರಳಿ ತುಂಬಿ, ಬಿಲ್ಲೆ ಮುಚ್ಚಿ, ಕುಡಿಯುವ ನೀರನ್ನೇ ಅದಕ್ಕೆ ಚಿಮುಕಿಸಿ ಎದ್ದುಬರುತ್ತಾರೆಂದು ತಿಳಿದುಬಂದಿದೆ. ಅಗೆದ ಗುಂಡಿಯನ್ನು ಮುಚ್ಚುವ ಇಂಥ ಅಭ್ಯಾಸ ಪಟ್ಟಣದ ರಸ್ತೆ ವಿಭಾಗಕ್ಕೆ ಪರಿಚಿತವಲ್ಲದ್ದರಿಂದ ಅವರ ಸಹಾಯ ಪಡೆಯಲಾಗಲಿಲ್ಲ. ಇನ್ನು ಮುಂದೆ ಗುಂಡಿಗಳನ್ನು ಸಾಧಾರಣ ಮಟ್ಟದ ಅಜಾಗರೂಕತೆಯಿಂದ ಮುಚ್ಚತಕ್ಕದ್ದು.

4. ಮೊಹರು ಮಾಡಿಟ್ಟಿದ್ದ ಒಂದು ಯಂತ್ರವನ್ನು ತೆರೆದು ಬಳಸಲಾಗಿ, ಎರಡು ದಿನಗಳಲ್ಲಿ ಇನ್ನೂರ ಹನ್ನೆರಡು ಸಲ ಸದ್ದು ಮಾಡಿತು. ಇನ್ನೂರ ಹನ್ನೊಂದು ಸಲ ಅದು ಕಂಡುಹಿಡಿದದ್ದು ಶ್ರೀ ಫಿಚ್ ಅವರನ್ನು. ಇಲಾಖೆಯ ಸುರಕ್ಷತಾ ನಿಯಮದಂತೆ ಅವರು ಮೂತಿಯಲ್ಲಿ ಉಕ್ಕಿನ ತಗಡುಳ್ಳ ಬೂಟು ಧರಿಸಿದ್ದರು. ಇನ್ನು ಮುಂದೆ ಶೋಧಕರು ಬೂಟು ಕಳಚಿ ಕಾಲುಚೀಲದಲ್ಲಿ ನಡೆಯತಕ್ಕದ್ದು. ಸುರಕ್ಷತಾ ನಿಯಮ ಜಾರಿಯಲ್ಲಿರುವುದರಿಂದ ಬೂಟುಗಳನ್ನು ಕೈಯಲ್ಲಿ ಹಿಡಿದಿರತಕ್ಕದ್ದು. ಯಂತ್ರವನ್ನು ಯಾರು ಹಿಡಿಯಬೇಕೆಂಬ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

5. ಇನ್ನೂರ ಹನ್ನೆರಡನೆಯ ಸದ್ದು ಪ್ರೂಡೆನ್ಸ್ ಎಂಬ ಹಸುವಿನದು. ಮೇವಿನೊಡನೆ ಹೊಟ್ಟೆ ಸೇರುವ ಮೊಳೆ, ತಂತಿಗಳು ಕರುಳನ್ನು ಚುಚ್ಚದೆ ಒಂದೆಡೆ ಅಂಟಿಕೊಂಡಿರಲೆಂದು ಇಲ್ಲಿ ಹಸುವಿಗೆ ಅಯಸ್ಕಾಂತ ನುಂಗಿಸಿರುವುದು ವಾಡಿಕೆ. ಹಸುವಿನೊಳಗೆ ಎಷ್ಟು ಕಾಲದ ಮೊಳೆಗಳಿವೆಯೆಂದು ತಿಳಿಯದ್ದರಿಂದ ಸದರಿ ಹಸುವನ್ನು ತಾತ್ಕಾಲಿಕವಾಗಿ ಸಂರಕ್ಷಿತ ತಾಣವೆಂದು ಘೋಷಿಸಲಾಗಿದೆ. ಹಸುವನ್ನು ಅಗೆಯತಕ್ಕದ್ದಲ್ಲ. ಅದು ಮಲಗಿರುವಾಗ ಅದರ ಸುತ್ತ ಹಗ್ಗ ಕಟ್ಟತಕ್ಕದ್ದು. ಎದ್ದು ಹೊರಟರೆ ಹಗ್ಗದೊಡನೆ ಹಿಂಬಾಲಿಸತಕ್ಕದ್ದು.

6. ಯಂತ್ರದ ಸದ್ದಿನಲ್ಲಿ ಯಾವುದು ಮೊಳೆ, ಯಾವುದು ಚಮಚ ಎಂದು ಗುರುತಿಸುವ ಬಗೆಯನ್ನು ಕುಮಾರಿ ಹೇಲ್ ಅವರಲ್ಲಿ ವಿಚಾರಿಸಲಾಯಿತು. ಆಕೆ ಹುಡುಕಲು ತೊಡಗುವ ಮುನ್ನ ಟೋಪಿ ತೆಗೆದು ಕೀರ್ತನೆಯೊಂದನ್ನು ಮೆಲ್ಲಗೆ ಹೇಳಿಕೊಳ್ಳುವರೆಂದೂ, ಆಮೇಲೆ ಕಿವಿಗೆ ಹಾಕಿಕೊಂಡ ಸಾಧನದಲ್ಲಿ ಗಂಟೆಗಟ್ಟಲೆ ಕೇಳುತ್ತ ನಡೆಯುವರೆಂದೂ ಇತರ ಇಬ್ಬರು ತಿಳಿಸಿದ್ದಾರೆ. ತಮ್ಮ ಹಳೆಯ ವಿದ್ಯಾರ್ಥಿಯಾದ ಶ್ರೀ ಫಿಚ್ ಅವರಿಗೆ ಆಕೆ ಕೊಟ್ಟ ಉತ್ತರವನ್ನು ಯಥಾವತ್ತಾಗಿ ದಾಖಲಿಸಿದೆ: "ನೋಡು ಎಲ್ಡನ್, ನೆಲ ಹೇಳೋದು ಕೇಳಿಸ್ಬೇಕು ಅಂದ್ರೆ ಮೊದ್ಲು ನಾವು ಸುಮ್ನಿರ್ಬೇಕು. ಒಂಬತ್ತನೇ ವಯಸ್ಸಿಂದ ಇದನ್ನೇ ಹೇಳ್ತಾ ಬಂದಿದೀನಪ್ಪ ನಿಂಗೆ." ಸುಮ್ಮನಿರುವುದು ಇಲಾಖೆಯ ಕಾರ್ಯವಿಧಾನದಲ್ಲಿ ಇಲ್ಲದ್ದರಿಂದ ಈ ಸಲಹೆಯನ್ನು ಕೈಬಿಡಲಾಗಿದೆ.

7. ಹೂತ ಜಾಗವನ್ನು ತೋರಿಸುವಂತೆ ಮೂವರಿಗೂ ನೋಟೀಸು ನೀಡಲಾಗಿ, ನೆಲದ ಯಜಮಾನರ ಒಪ್ಪಿಗೆಯಿಲ್ಲದೆ ಕಾಲಿಡುವುದಾಗಲಿ ಜಾಗ ಹೇಳುವುದಾಗಲಿ ತಮ್ಮಲ್ಲಿ ಪದ್ಧತಿಯಿಲ್ಲವೆಂದು ಮೂವರೂ ಒಂದೇ ಹಾಳೆಯಲ್ಲಿ ಉತ್ತರಿಸಿದ್ದಾರೆ. ಇಲಾಖೆಯು ಒಪ್ಪಿಗೆಯಿಲ್ಲದೆ ಎಷ್ಟೋ ಕಡೆ ಕಾಲಿಟ್ಟಿದ್ದು, ಅದರಿಂದ ಯಾವ ತೊಂದರೆಯೂ ಆಗಿಲ್ಲವೆಂದು ಅವರಿಗೆ ಮನವರಿಕೆ ಮಾಡಿಕೊಡತಕ್ಕದ್ದು.

8. ತದನಂತರ ಶ್ರೀಮತಿ ಟಾರ್‌ಬಾಕ್ಸ್ ಅವರನ್ನೇ ಕೇಳಲಾಯಿತು. ಬೆಣ್ಣೆ ಕಡೆಯುವುದನ್ನು ನಿಲ್ಲಿಸದೆಯೇ ಆಕೆ ನೀಡಿದ ಹೇಳಿಕೆ: "ಒಪ್ಗೆ ಇಲ್ಲ ಅಂತ ಯಾರಂದ್ರು? ಧಾರಾಳವಾಗಿ ಹುಡುಕ್ಸಿ. ಆದ್ರೆ ಹುಲ್ಲು ಮೇದು ಮುಗೀಲಿ. ನವೆಂಬರಿಗೆ ಮುಗಿಯುತ್ತೆ. ಆಗ ಹಿಮ ಬಿದ್ದು ನೆಲ ಕಲ್ಲಾಗಿರುತ್ತೆ. ಹಿಮ ಕರಗೋ ಹೊತ್ಗೆ ಹೊಸ ಹುಲ್ಲು ಬಂದಿರುತ್ತೆ. ಅದು ಮೇದು ಮುಗೀಲಿ." ಈ ವೇಳಾಪಟ್ಟಿಯನ್ನು ಪರಿಶೀಲಿಸಲಾಗಿ, ಅದರಲ್ಲಿ ಕೊನೆಯ ದಿನಾಂಕ ಕಂಡುಬಂದಿಲ್ಲ.

9. ಚಮಚವೇ ಇಲ್ಲವೆಂದು ಸಾರಿ ಡಾಂಬರು ಹಾಕಬಹುದೇ ಎಂದು ಕಾನೂನು ಸಲಹೆಗಾರರನ್ನು ಕೇಳಲಾಯಿತು. ವಸ್ತುಗಳು ಆ ನೆಲದೊಳಗೇ ಇವೆಯೆಂದು ಇಲಾಖೆಯೇ ಮೊಹರು ಹಾಕಿಕೊಟ್ಟಿರುವುದರಿಂದ, ಅವು ಮತ್ತೆ ಕೈಗೆ ಸಿಗುವವರೆಗೆ ಹುಲ್ಲುಗಾವಲನ್ನು ವಶಪಡಿಸಿಕೊಳ್ಳುವಂತಿಲ್ಲ, ಡಾಂಬರೂ ಹಾಕುವಂತಿಲ್ಲ ಎಂದು ಅವರು ಎರಡು ಸಲ ಬರೆದು ತಿಳಿಸಿದ್ದಾರೆ. ಎರಡನೆಯ ಸಲ ಕೆಂಪು ಶಾಯಿಯಲ್ಲಿ. ಇನ್ನು ಮುಂದೆ ಮಳೆಯಲ್ಲಿ ಕಾರಿನೊಳಗೆ ಕುಳಿತು ಯಾರೂ ಯಾವುದಕ್ಕೂ ಸಹಿ ಹಾಕತಕ್ಕದ್ದಲ್ಲ.

10. ಆದರೂ ಉತ್ಸವಕ್ಕೆ ಕಾರು ನಿಲ್ದಾಣ ಬೇಕೇ ಬೇಕು. ನೆಲ ನಿಯಮ 9 ಮತ್ತೆ ಅಡ್ಡ ಬರದಂತೆ, ಕೆಳಗೆ ಹಳೆಯದೇನೂ ಇಲ್ಲವೆಂದು ಇಲಾಖೆ ಪ್ರಮಾಣೀಕರಿಸಿದ ನೆಲಕ್ಕೆ ಮಾತ್ರ ಡಾಂಬರು ಹಾಕತಕ್ಕದ್ದು. ಪಟ್ಟಣದಲ್ಲಿ ಅಂಥ ನೆಲ ಯಾವುದೆಂದು ಕಡತಗಳನ್ನು ಶೋಧಿಸಲಾಗಿ, ಒಂದೇ ಒಂದು ಸಿಕ್ಕಿದೆ. ಇಲಾಖೆಯು ಅಲ್ಲಿ ಮೂರು ಸಲ ಅಗೆಸಿದ್ದು, ಬಾಟಲಿ ಮುಚ್ಚಳ ಹದಿನಾಲ್ಕು, ಕಾರಿನ ಕೀಲಿ ಒಂದು ಮತ್ತು ಶ್ರೀ ಪೆಲ್ಕಿಯವರ ಗುಂಡಿ ಒಂದು, ಇವನ್ನು ಬಿಟ್ಟು ಬೇರೇನೂ ದೊರೆತಿರುವುದಿಲ್ಲ. ಆದುದರಿಂದ ಪುರಭವನದ ಪಕ್ಕದ ಗುಡ್ಡಕ್ಕೆ, ಅರ್ಥಾತ್ ಮೂಲಪುರುಷರ ಮನೆ ಇದ್ದ ಪವಿತ್ರ ಸ್ಥಳಕ್ಕೆ, ಜೂನ್ 23ರಿಂದ ಡಾಂಬರು ಹಾಕತಕ್ಕದ್ದು. 1923ರ ಕಲ್ಲನ್ನು ಕೀಳತಕ್ಕದ್ದಲ್ಲ. ಅದರ ಸುತ್ತ ಹಳದಿ ಗೆರೆ ಎಳೆದು, ಅಂಗವಿಕಲರ ವಾಹನಗಳಿಗೆ ಮೀಸಲಿಡತಕ್ಕದ್ದು.

11. ಉತ್ಸವದಂದು ಅತಿಥಿಗಳಿಗೆ ಗಾಜಿನ ಪೆಟ್ಟಿಗೆಯನ್ನು ಖಾಲಿಯಾಗಿಯೇ ತೋರಿಸಿ, ಒಳಗಿನ ವಸ್ತು ಅದರ ಮೂಲಸ್ಥಾನದಲ್ಲಿ ಸುರಕ್ಷಿತವಾಗಿದೆ ಎಂದು ಹೇಳತಕ್ಕದ್ದು. ಮೂಲಸ್ಥಾನ ಯಾವುದೆಂದು ಅವರು ಕೇಳಿದರೆ, ಊಟಕ್ಕೆ ಕರೆದೊಯ್ಯತಕ್ಕದ್ದು.

ಈ ಸುತ್ತೋಲೆಯನ್ನು ಓದಿದವರು ಓದಿದ್ದೇವೆಂದು, ಓದದವರು ಪಾಲಿಸುತ್ತೇವೆಂದು ಬರೆದುಕೊಡುವುದು.

ಸಹಿ/-
(ಓದಲು ಬಾರದು)
ನಿರ್ದೇಶಕರ ಪರವಾಗಿ
ನಿರ್ದೇಶಕರು ರಜೆಯಲ್ಲಿರುತ್ತಾರೆ

ಪ್ರತಿಗಳು:
1. ಪಟ್ಟಣ ಆಡಳಿತ ಮಂಡಳಿಗೆ: ಅನುಮೋದನೆಗಾಗಿ. ಈಗಾಗಲೇ ಅನುಮೋದಿಸಿದ್ದಾರೆಂದು ಭಾವಿಸಲಾಗಿದೆ.
2. ರಸ್ತೆ ವಿಭಾಗಕ್ಕೆ: ಗುಡ್ಡದ ಡಾಂಬರಿಗಾಗಿ. ಪರಿಚ್ಛೇದ 3ನ್ನು ತಾವು ಓದುವ ಅಗತ್ಯವಿಲ್ಲ.
3. ಶ್ರೀ ಎಲ್ಡನ್ ಫಿಚ್ ಅವರಿಗೆ: ಬೂಟುಗಳು ಕಚೇರಿಯ ಬಾಗಿಲಲ್ಲಿವೆ.
4. ಶ್ರೀ ಪೆಲ್ಕಿ, ಶ್ರೀ ಥಿಬೊಡೊ, ಕುಮಾರಿ ಹೇಲ್ ಅವರಿಗೆ: ಆದೇಶವನ್ನು ಇಷ್ಟು ಚೆನ್ನಾಗಿ ಪಾಲಿಸಿದ್ದಕ್ಕೆ ಕಾರಣ ಕೇಳಿ.
5. ಶ್ರೀಮತಿ ಲೊರೇನ್ ಟಾರ್‌ಬಾಕ್ಸ್ ಅವರಿಗೆ: ಮಾಹಿತಿಗಾಗಿ. ತಮ್ಮ ಮೊಟ್ಟೆಯ ರಟ್ಟಿನ ತಟ್ಟೆಯನ್ನು ಇದರೊಡನೆ ಹಿಂದಿರುಗಿಸಿದೆ. ತಮ್ಮ ಹುಲ್ಲುಗಾವಲಿನ ಗೇಟಿನ ಮೇಲಿರುವ "ಕಾರು ನಿಲ್ದಾಣ" ಫಲಕವನ್ನು ಕಳಚಲು ಸೋಮವಾರ ಸಿಬ್ಬಂದಿ ಬರುವರು. ಹೋಗುವಾಗ ಗೇಟು ಮುಚ್ಚಿ ಹೋಗುವಂತೆ ಅವರಿಗೆ ಲಿಖಿತವಾಗಿ ತಿಳಿಸಲಾಗಿದೆ. ಹಸುಗಳು ಒಳಗೇ ಇರಲಿ.