ಆರ್ಚಿ ತಾತನ ಹೆಬ್ಬೆರಳು

ಈ ಸಲದ ಹಳೇ ಪಿಸ್ತೂಲುಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ ನನ್ನದೇ ಎಂದು ನಾನು ಇಡೀ ಬ್ಲಫ್ ಊರಿಗೆ ಸಾರಿಬಿಟ್ಟಿದ್ದೆ. ಸಾರದೆ ಇನ್ನೇನು ಮಾಡಲಿ? ಈ ದಕ್ಷಿಣದ ತುದಿಯಲ್ಲಿ ಯಾರ ಮನೆಯ ಅಟ್ಟದಲ್ಲಿ ಹಳೆಯ ಸೈನ್ಯದ ಪಿಸ್ತೂಲು ಸಿಕ್ಕರೂ ಮೊದಲು ಫೋನು ಬರುವುದು ಫರ್ಗಸ್‌ಗೆ, ಅಂದರೆ ಸಾಕ್ಷಾತ್ ನನಗೆ. ತಿರುಪಿನ ತಲೆ ನೋಡಿದರೆ ಸಾಕು, ಅದನ್ನು ಕೊನೆಯ ಸಲ ಬಿಚ್ಚಿದವನು ಎಡಚನೋ ಅಲ್ಲವೋ ಹೇಳಬಲ್ಲೆ. ಯಾವುದು ಅಸಲಿ, ಯಾವುದಕ್ಕೆ ಆಮೇಲೆ ಬಣ್ಣ ಹೊಡೆದಿದ್ದಾರೆ, ಎಲ್ಲ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಬರಿಗೈಯಲ್ಲಿ ಪಿಸ್ತೂಲು ಮುಟ್ಟಿದವನಲ್ಲ ನಾನು. ಬೆವರು ತಗುಲಿದರೆ ಉಕ್ಕು ತುಕ್ಕು ಹಿಡಿಯುತ್ತದೆ, ಅದಕ್ಕೇ ಬಿಳಿ ಗ್ಲೌಸು.

"ಆ ಗ್ಲೌಸು ಇತ್ತ ಕೊಡು, ಒಗೆದು ಹೊಲಿದು ಕೊಡ್ತೀನಿ. ನೋಡೋಕಾಗಲ್ಲ," ಎಂದಳು ಹೆಂಡತಿ ಐಲ್ಸಾ.

"ಇದು ನಿನ್ನ ಅಡುಗೆಮನೆ ಬಟ್ಟೆ ಅಲ್ಲ ಕಣೇ. ತಜ್ಞನ ಗ್ಲೌಸು. ಮುಟ್ಟಬೇಡ."

"ತಜ್ಞರೇ, ಮೀಸೆಗೆ ಮೀನಿನ ಚೂರು ಅಂಟಿದೆ," ಎಂದು ಅವಳು ಒಳಗೆ ಹೋದಳು.

ನಾನು ಪ್ರದರ್ಶನಕ್ಕಿಡಲು ಆರಿಸಿದ್ದು ಐಲ್ಸಾಳ ತಾತ ಆರ್ಚಿಯ ವೆಬ್ಲಿ ರಿವಾಲ್ವರ್. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿಬಂದದ್ದು. ತಾತನದು ಅಂತ ಅವಳಿಗೆ ಉಳಿದದ್ದು ಅದೊಂದೇ, ಒಂದು ಫೋಟೋ ಕೂಡ ಇಲ್ಲ. ಅದು ನಮ್ಮ ಮನೆಯಲ್ಲಿರುವುದು ನನ್ನ ಪರವಾನಗಿಯ ಮೇಲೆ. ಪರವಾನಗಿಯ ನಿಯಮವೋ ಕಟ್ಟುನಿಟ್ಟು: ಪಿಸ್ತೂಲು ಇಡುವ ತಿಜೋರಿಯನ್ನು ನಾನೊಬ್ಬನೇ ತೆರೆಯಬೇಕು, ಬೇರೆ ಯಾರಾದರೂ ತೆರೆದದ್ದು ಗೊತ್ತಾದರೆ ಪರವಾನಗಿ ರದ್ದು. ಆಮೇಲೆ ಪಿಸ್ತೂಲುಗಳನ್ನೆಲ್ಲ ಒಯ್ದು ಕರಗಿಸಿಬಿಡುತ್ತಾರೆ. ಆರ್ಚಿ ತಾತನದೂ ಅಷ್ಟೇ.

ಶುಕ್ರವಾರ ಸಂಜೆ ನನ್ನ ಪೂಜೆಯ ಹೊತ್ತು. ಎಲ್ಲರ ಹಾಗೆ ನಮ್ಮ ಮನೆಯಲ್ಲೂ ಅವತ್ತು ಅಂಗಡಿಯಿಂದ ಕರಿದ ಮೀನು, ಆಲೂಗಡ್ಡೆ ತರುವುದು. ಅದರ ಮೇಲೆ ಉಪ್ಪು, ವಿನೆಗರ್ ಧಾರಾಳವಾಗಿ ಸುರಿದು ಕೈಯಲ್ಲೇ ತಿಂದು ಮುಗಿಸಿ, ನಾನು ಗ್ಲೌಸು ತೊಟ್ಟು ಹಿಂದಿನ ಕೋಣೆಗೆ ಹೋಗುತ್ತೇನೆ. ಆ ಚಳಿಗಾಲದ ಶುಕ್ರವಾರ ಸಮುದ್ರದಿಂದ ಮಂಜು ಎದ್ದು ಕಿಟಕಿಗೆ ಅಂಟಿಕೊಂಡಿತ್ತು. ತಿಜೋರಿ ತೆರೆದು ವೆಬ್ಲಿಯನ್ನು ದೀಪಕ್ಕೆ ಹಿಡಿದೆ. ಹಿಡಿಯ ಮೇಲಿನ ಉಕ್ಕಿನಲ್ಲಿ ಕಂದು ಬಣ್ಣದ ತುಕ್ಕು. ಅದು ಬರೀ ಕಲೆಯಲ್ಲ, ಒಂದು ಹೆಬ್ಬೆರಳಿನ ಅಚ್ಚು.

ಹಿಂದಿನ ವಾರ ಅಲ್ಲಿ ಏನೂ ಇರಲಿಲ್ಲ. ಭೂತಗನ್ನಡಿ ತಂದೆ. ಅದಕ್ಕೆ ಆ ಹೆಸರು ಯಾಕೆ ಬಂತೆಂದು ಅವತ್ತು ತಿಳಿಯಿತು. ಗೆರೆ ಗೆರೆಯೂ ಸ್ಪಷ್ಟವಾಗಿತ್ತು. ಉಜ್ಜಿ ತೆಗೆಯೋಣವೆಂದರೆ ನೂರು ವರ್ಷದ ಮೂಲ ಬಣ್ಣವೂ ಕಿತ್ತು ಬರುತ್ತದೆ. ಎಣ್ಣೆ ಹಚ್ಚಿ, ಎರಡೆರಡು ಸಲ ಬೀಗ ಎಳೆದು ನೋಡಿ ಬಂದೆ. ಮುಂದಿನ ಶುಕ್ರವಾರ ತೆರೆದರೆ ಅದರ ಪಕ್ಕದಲ್ಲಿ ಇನ್ನೊಂದು!

"ಐಲ್ಸಾ, ನಿಜ ಹೇಳು. ತಿಜೋರಿ ತೆಗೆದಿದ್ದೀಯಾ?"

ಅವಳ ಮುಖ ಸಣ್ಣದಾಯಿತು. "ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಕೋಣೆಗೇ ನನ್ನ ಸೇರಿಸಿಲ್ಲ ನೀನು. ಅದರ ನಂಬರು ನನಗೇನು ಕನಸಲ್ಲಿ ಬರುತ್ತಾ?"

ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಭಯ ದೊಡ್ಡದಿತ್ತು. ಅವಳ ಕೈ ಹಿಡಿದು ಕೋಣೆಗೆ ಕರೆದೊಯ್ದು ಗುರುತು ತೋರಿಸಿದೆ. ಬೆಲೆ ಕಟ್ಟುವವನ ಗಾಂಭೀರ್ಯದಿಂದ ತೀರ್ಪನ್ನೂ ಕೊಟ್ಟೆ. "ದಪ್ಪ ಹೆಬ್ಬೆರಳು. ದುಡಿದ ಕೈ. ಅಡ್ಡಲಾಗಿ ಹಳೇ ಗಾಯದ ಗೀರು ನೋಡು. ಇದು ಈಗಿನ ಕಾಲದ ಮಾಲಲ್ಲ ಕಣೇ. ಮಹಾಯುದ್ಧದ ಕಾಲದ್ದು. ಅಪ್ಪಟ ಅಸಲಿ."

ಐಲ್ಸಾ ಗುರುತನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ತಾತ ಸಮುದ್ರದ ಸಿಂಪಿ ಹಿಡಿಯೋ ದೋಣಿಯಲ್ಲಿ ದುಡಿದವರು. ಚಾಕುವಿನಿಂದ ಸಿಂಪಿ ಬಿಡಿಸೋವಾಗ ಹೆಬ್ಬೆರಳು ಕೊಯ್ದುಕೊಂಡಿದ್ರಂತೆ," ಎಂದಳು ಮೆಲ್ಲಗೆ. ಹೊರಗೆ ಬಂದರಿನಲ್ಲಿ ಹಡಗೊಂದು ಮಂಜಿನೊಳಗಿಂದ ಕೂಗಿತು. ನಾನು ಅವಳಿಗೆ ಇನ್ನಷ್ಟು ಅಂಟಿ ನಿಂತೆ.

ಅಂದಿನಿಂದ ಒಬ್ಬನೇ ಆ ಕೋಣೆಗೆ ಹೋಗುವ ಧೈರ್ಯ ನನಗಿರಲಿಲ್ಲ. ಪ್ರತಿ ಶುಕ್ರವಾರ ಅವಳೂ ಹೆಣಿಗೆ ಹಿಡಿದು ಜೊತೆಗೆ ಬಂದು ಕೂರುತ್ತಿದ್ದಳು. ತಾತನ ಕತೆ ಹೇಳುತ್ತಿದ್ದಳು. ನಾನು ಪಿಸ್ತೂಲು ಒರೆಸುತ್ತ ಕೇಳುತ್ತಿದ್ದೆ. ಏಳುವಾಗ ತಿಜೋರಿಯ ಮುಂದೆ ಒಂದು ಲೋಟ ಚಹಾ ಇಡುತ್ತಿದ್ದಳು, ಮೂರು ಚಮಚ ಸಕ್ಕರೆ ಹಾಕಿ. "ತಾತನಿಗೆ ಸಿಹಿ ಇಷ್ಟ," ಎನ್ನುತ್ತಿದ್ದಳು. ಬೆಳಿಗ್ಗೆ ನೋಡಿದರೆ ಲೋಟ ಖಾಲಿ. ನಾನು ಆ ಬಗ್ಗೆ ಏನೂ ಕೇಳುತ್ತಿರಲಿಲ್ಲ. ಕೆಲವು ವಿಷಯ ತಿಳಿಯದಿದ್ದರೇ ಆರೋಗ್ಯಕ್ಕೆ ಒಳ್ಳೆಯದು.

ಅಷ್ಟರಲ್ಲಿ ತಪಾಸಣೆಯ ದಿನ ಬಂತು. ಬರುವವಳು ಪರವಾನಗಿ ಇಲಾಖೆಯ ಹೇರಾ. ಚರ್ಚಿನ ಸಹಾಯನಿಧಿಗೆಂದು ಐಲ್ಸಾಳ ಜೊತೆ ಕೂತು ಚೀಸ್ ರೋಲ್ ಸುತ್ತುವವಳೇ, ಆದರೂ ಕೆಲಸದ ವಿಷಯದಲ್ಲಿ ಸ್ವಂತ ಅಮ್ಮನನ್ನೂ ಬಿಡುವವಳಲ್ಲ. ಹಿಂದಿನ ದಿನವಿಡೀ ಯೋಚಿಸಿದೆ. ಬದುಕಿರುವವರು ತಿಜೋರಿ ತೆರೆದರೆ ಪರವಾನಗಿ ಹೋಯಿತು. ಸತ್ತವರು ತೆರೆದರೆ? ಕಾನೂನಿನಲ್ಲಿ ಆ ಬಗ್ಗೆ ಒಂದಕ್ಷರವೂ ಇಲ್ಲ. ದೆವ್ವವನ್ನು ನಂಬುವವರನ್ನು ಜೀವಮಾನವಿಡೀ ಗೇಲಿ ಮಾಡಿದ ನಾನು, ದೆವ್ವದ ಪರ ವಕಾಲತ್ತಿಗೆ ನಿಂತೆ.

ಹೇರಾ ವೆಬ್ಲಿಯನ್ನು ತಿರುಗಿಸಿ ನೋಡಿದಳು. "ಇದೇನು ಫರ್ಗಸ್? ಯಾರೋ ಬರಿಗೈಯಲ್ಲಿ ಹಿಡಿದಿದ್ದಾರಲ್ಲ."

"ಯಾರೋ ಅಲ್ಲಮ್ಮ. ಆರ್ಚಿ ತಾತ," ಎಂದೆ. "ಗಾಯದ ಗೀರು ನೋಡಿ. ನಾನೇ ಪರೀಕ್ಷೆ ಮಾಡಿದ್ದೀನಿ. ನೂರು ವರ್ಷ ಹಳೇ ಹೆಬ್ಬೆರಳು. ಬೇಕಾದರೆ ಬರೆದು ಸಹಿ ಹಾಕಿ ಕೊಡ್ತೀನಿ."

ಹೇರಾ ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದಳು. "ನಿಮ್ಮ ಗ್ಲೌಸು ಹಾಕ್ಕೊಳ್ಳಿ ಸ್ವಲ್ಪ."

ಹಾಕಿಕೊಂಡೆ. ಹೇರಾ ನನ್ನ ಬಲಗೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಗ್ಲೌಸಿನ ತೂತಿನಿಂದ ನನ್ನ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದರ ಮೇಲೆ ಅಡ್ಡಲಾಗಿ ಒಂದು ಗೀರು.

"ಬ್ಲಫ್‌ನಲ್ಲಿ ಸಿಂಪಿ ಚಾಕು ತಗುಲದ ಹೆಬ್ಬೆರಳು ಯಾವುದಿದೆ, ಹೇಳಿ. ಶುಕ್ರವಾರ ಉಪ್ಪು, ವಿನೆಗರ್ ಮೆತ್ತಿಕೊಂಡ ಕೈ ಇದು. ತುಕ್ಕು ಹಿಡಿಯದೆ ಇನ್ನೇನಾಗುತ್ತೆ?" ಎಂದಳು ಹೇರಾ. "ತೆಗೆದವರು ನೀವೇ ಆದ್ದರಿಂದ ಪರವಾನಗಿಗೇನೂ ಆಗಲ್ಲ. ಆದರೆ ಬಹುಮಾನದ ಆಸೆ ಬಿಟ್ಟುಬಿಡಿ."

ಅವಳು ಗೇಟು ದಾಟಿದ ಮೇಲೂ ಅವಳ ನಗು ಕೇಳಿಸುತ್ತಿತ್ತು. ನಾನು ಐಲ್ಸಾಳ ಕಡೆ ತಿರುಗಿದೆ. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಿರಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತು."

"ಮೊದಲ ದಿನವೇ ಗೊತ್ತಿತ್ತು. ತೂತು ಹೊಲಿದು ಕೊಡ್ತೀನಿ ಅಂದಿದ್ದೆ ತಾನೇ? ಹೇರಾಗೂ ಮುಂಚೇನೇ ಹೇಳಿಟ್ಟಿದ್ದೆ. ತಾತನ ಪಿಸ್ತೂಲು ಕರಗೋಕೆ ಬಿಡ್ತೀನಾ ನಾನು?"

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

ಅವಳು ಹೆಣಿಗೆ ಎತ್ತಿಕೊಂಡಳು. "ದೆವ್ವ ಬಂದ ಮೇಲೆ ತಾನೇ ನೀನು ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ದು?"

ನಾನು ಗ್ಲೌಸು ಬಿಚ್ಚಿ ಅವಳ ಮಡಿಲಿಗೆ ಹಾಕಿದೆ. ಅವಳು ಸೂಜಿಗೆ ದಾರ ಪೋಣಿಸಿದಳು.

"ಪರವಾಗಿಲ್ಲ, ನಾಟಕ ಚೆನ್ನಾಗೇ ಆಡಿದೆ," ಎಂದೆ ಮಾತು ಬದಲಿಸಲು. "ಆ ಚಹಾ ಕುಡಿದು ಲೋಟ ಖಾಲಿ ಮಾಡಿಟ್ಟಿದ್ದಂತೂ ಭಲೇ ಉಪಾಯ."

ಅವಳ ಸೂಜಿ ನಿಂತಿತು. "ಮೂರು ಚಮಚ ಸಕ್ಕರೆಯದ್ದು ನಾನ್ಯಾಕೆ ಕುಡೀಲಿ? ಅದನ್ನ ನೀನು ಕುಡೀತಿರಲಿಲ್ವಾ?"

ಹಿಂದಿನ ಕೋಣೆಯಲ್ಲಿ ಚಳಿಗೆ ತಿಜೋರಿಯ ಕಬ್ಬಿಣ ಟಕ್ಕೆಂದಿತು. ನಾನು ಅವಳ ಮುಖವನ್ನೇ ನೋಡಿದೆ. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಇಷ್ಟು ಪಿಸ್ತೂಲುಗಳ ಅಸಲಿ ನಕಲಿ ಹೇಳಿದ ನನಗೆ ಆ ಮುಖ ಅಸಲಿಯೋ ನಕಲಿಯೋ ಇವತ್ತಿಗೂ ಗೊತ್ತಾಗಿಲ್ಲ.

ಈಗ ಮತ್ತೆ ಶುಕ್ರವಾರ ಸಂಜೆ. ಕೈಯನ್ನು ಸೋಪು ಹಾಕಿ ತೊಳೆದಿದ್ದೇನೆ, ಹೊಲಿದ ಗ್ಲೌಸು ತೊಟ್ಟಿದ್ದೇನೆ, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಕರೆಯುತ್ತಿದ್ದೇನೆ:

"ಐಲ್ಸಾ, ಹೆಣಿಗೆ ತಗೊಂಡು ಬೇಗ ಬಾರೇ."